ಬಿಡಿಸದೆ ಉಳಿದ ಹಾಳೆ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಚಿಟಿಕೆ ಮೈಲುತುತ್ತ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿದರೆ ಒಂದು ವಾಸನೆ ಬರುತ್ತದೆ. ಅರ್ಧ ಅಡುಗೆಮನೆಯದು, ಅರ್ಧ ಔಷಧದಂಗಡಿಯದು. ನಮ್ಮಪ್ಪ ಚಾಮರಾಜಪೇಟೆಯ ಮನೆಯ ಹಿತ್ತಿಲಲ್ಲಿ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಸ್ಕೂಲಿನಿಂದ ಬರುವಾಗ ಆ ಅಂಟಿನ ವಾಸನೆ ಬೀದಿಯ ತಿರುವಿಗೇ ಸಿಗುತ್ತಿತ್ತು. ಹಸಿದು ಬಂದ ದಿನ ಅದು ಗಂಜಿಯ ಹಾಗೆ ಅನ್ನಿಸಿ ಬಾಯಲ್ಲಿ ನೀರೂರುತ್ತಿತ್ತು. ಹುಳ ತಿನ್ನದಿರಲಿ ಎಂದು ಅದರಲ್ಲಿ ವಿಷ ಹಾಕಿದೆ, ಬೆರಳು ಬಾಯಿಗಿಡಬೇಡ ಎಂದು ಅಪ್ಪ ದಿನವೂ ಹೇಳುತ್ತಿದ್ದರು. ಹೇಳಿ, ಜೇಬಿನಿಂದ ಕಡಲೆಮಿಠಾಯಿ ತೆಗೆದು ಕೈಗಿಡುತ್ತಿದ್ದರು.

ನಾನು ಬಿ.ಎ. ಮುಗಿಸಿದೆ, ಮದುವೆಯಾದೆ, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಜಯನಗರದ ಥರ್ಡ್ ಬ್ಲಾಕಿನಲ್ಲಿ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟೆ. ನಮಗೆ ಕಾರಿರಲಿಲ್ಲ. ಕಾದಂಬರಿಗಳನ್ನು ಬಾಡಿಗೆಗೆ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಹೊಸದಕ್ಕೆ ಬೈಂಡು ಹಾಕುವುದು, ಹರಿದದ್ದನ್ನು ಹೊಲಿಯುವುದು, ಇಷ್ಟೇ ಕೆಲಸ. ಈಗ ಅದನ್ನು ಮುಚ್ಚಿದ್ದೇನೆ. ಟೀವಿ ಬಂದ ಮೇಲೆ ಸಂಜೆಯ ಹೊತ್ತು ಯಾರೂ ಪುಸ್ತಕ ಬದಲಾಯಿಸಲು ಬರಲಿಲ್ಲ. ಆದರೂ ಆಗೊಮ್ಮೆ ಈಗೊಮ್ಮೆ ಯಾರಾದರೂ ಬರೆಯುವವರು ಹುಡುಕಿಕೊಂಡು ಬರುತ್ತಾರೆ. ನನಗೆ ಪ್ರಕಾಶಕರೆಲ್ಲ ಗೊತ್ತು ಎಂದು ಯಾರೋ ಹೇಳಿರುತ್ತಾರೆ. ಪುಸ್ತಕ ಅಚ್ಚಾಗಬೇಕು, ಬರವಣಿಗೆಯಿಂದಲೇ ಬದುಕಬೇಕು, ಏನು ಮಾಡಬೇಕು ಎಂದು ಕೇಳುತ್ತಾರೆ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಮಾರ್ಜಿನ್ ಬಿಡಿ, ಕಾರ್ಬನ್ ಇಟ್ಟು ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಳ್ಳಿ, ವಾಪಸ್ ಬರಲು ಸ್ಟಾಂಪು ಹಚ್ಚಿದ ಕವರು ಇಡಿ ಎನ್ನುತ್ತೇನೆ. ಅಷ್ಟು ಅವರಿಗೂ ಗೊತ್ತಿರುತ್ತದೆ. ಇನ್ನೂ ಏನಾದರೂ ಹೇಳಿ ಎಂದು ಕೂತರೆ ಕಾಫಿ ಕೊಟ್ಟು ಗಿರಿಜಾದೇವಿಯ ಸಂಗತಿ ಹೇಳುತ್ತೇನೆ.

ಗಿರಿಜಾದೇವಿ ತಿಪಟೂರಿನ ಕಡೆಯವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಬನಶಂಕರಿಯಲ್ಲಿ ಚಿಕ್ಕಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಇದ್ದರು. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಆಗುವ ಆತುರವೂ ಕಾಣಿಸುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ಅವರ ಮೊದಲ ಕಾದಂಬರಿ ಬಂತು. ರಕ್ಷಾಪುಟದ ಮೇಲೆ ಒಂದು ಕಿಟಕಿ, ಕಿಟಕಿಯಲ್ಲಿ ಒಬ್ಬ ಹೆಂಗಸು, ಮೇಲೆ ದೊಡ್ಡ ಚಂದ್ರ. ಒಳಗೆ ಲೇಖಕಿಯ ಫೋಟೋ ಇರಲಿಲ್ಲ. ಹೀಗಾಗಿ ನನ್ನ ಲೈಬ್ರರಿಗೆ ಬರುವ ಹೆಂಗಸರಿಗೆ ಅವರ ಮುಖ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಏಕೆಂದರೆ ಅವರೂ ನನ್ನ ಮೆಂಬರೇ.

ಆ ಪುಸ್ತಕವನ್ನು ಹಾಕಿದವರು ಅನಂತಪದ್ಮನಾಭ ಎಂಬ ಪ್ರಕಾಶಕರು. ತಿಂಗಳಿಗೊಮ್ಮೆ ಸ್ಕೂಟರಿನ ಮೇಲೆ ಕ್ಯಾನ್ವಾಸ್ ಚೀಲದಲ್ಲಿ ಹೊಸ ಪುಸ್ತಕ ತುಂಬಿಕೊಂಡು ಲೈಬ್ರರಿಯಿಂದ ಲೈಬ್ರರಿಗೆ ತಿರುಗುತ್ತಿದ್ದರು. ಆಗ ಕಾದಂಬರಿ ಕೊಳ್ಳುತ್ತಿದ್ದವರು ಹೆಚ್ಚಾಗಿ ನಮ್ಮಂಥ ಲೈಬ್ರರಿಯವರೇ. ಯಾರ ಪುಸ್ತಕ ಕಪಾಟಿನಲ್ಲಿ ನಿಲ್ಲುವುದಿಲ್ಲವೋ ಅವರ ಮುಂದಿನದು ಅಚ್ಚಿಗೆ ಹೋಗುತ್ತಿತ್ತು. ಯಾರದು ಧೂಳು ಹಿಡಿಯುತ್ತದೋ ಅವರದು ಹೋಗುತ್ತಿರಲಿಲ್ಲ. ಅನಂತಪದ್ಮನಾಭ ಸ್ಟೂಲಿನ ಮೇಲೆ ಕೂತು, ನಶ್ಯದ ಡಬ್ಬಿ ತಿರುಗಿಸುತ್ತ, ಯಾವುದು ಓಡುತ್ತಿದೆ ಎಂದು ವಿಚಾರಿಸಿ ಹೋಗುತ್ತಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಷ್ಟು ದಿನ ಸ್ಕೂಟರನ್ನು ಬೀದಿಯ ತುದಿಯವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆಯುತ್ತಿದ್ದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನು ಗೇಟಿನಿಂದ ನೋಡಿದ್ದೆ.

ಗಿರಿಜಾದೇವಿಯ ಪುಸ್ತಕ ನನ್ನ ಕಪಾಟಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮೊದಲು ಬಂದವರು ಬಸವಲಿಂಗಮ್ಮ, ಅವರ ವಿಷಯ ಆಮೇಲೆ ಹೇಳುತ್ತೇನೆ. ಆಮೇಲೆ ಬರತೊಡಗಿದವರೆಲ್ಲ ಹೊಸ ಮೆಂಬರುಗಳು. ಬಾಬ್ ಮಾಡಿಸಿಕೊಂಡ ಹುಡುಗಿಯರು, ಕೈಯಲ್ಲಿ ಊಟದ ಡಬ್ಬಿ, ಬೇರೆ ಯಾವ ಕಪಾಟನ್ನೂ ನೋಡದೆ ನೇರವಾಗಿ ಚಂದ್ರನ ಪುಸ್ತಕ ಕೊಡಿ ಎನ್ನುವವರು. ಒಬ್ಬಳು ಕೊಟ್ಟು ಹೋದ ಬೆನ್ನಲ್ಲೇ ಇನ್ನೊಬ್ಬಳು. ಒಮ್ಮೆ ಒಬ್ಬ ವಯಸ್ಸಾದ ಹೆಂಗಸೂ ಬಂದು, ಕನ್ನಡಕ ಮರೆತು ಬಂದಿದ್ದೇನೆ, ನೀವೇ ಹುಡುಕಿಕೊಡಿ ಎಂದು ಅದೇ ಪುಸ್ತಕದ ಹೆಸರು ಹೇಳಿದರು. ಅವರು ಬನಶಂಕರಿಯ ಚಿಕ್ಕಮ್ಮ ಎಂದು ನಂತರ ತಿಳಿಯಿತು.

ಬಾಡಿಗೆಯ ಪುಸ್ತಕ ನಾಲ್ಕು ಮನೆ ತಿರುಗಿದರೆ ಅದರ ಮೈಯೇ ಬದಲಾಗುತ್ತದೆ. ಒಗ್ಗರಣೆ ಹಾಕುತ್ತ ಓದಿದ ಪುಟದಲ್ಲಿ ಅರಿಸಿನದ ಹೆಬ್ಬೆಟ್ಟು ಇರುತ್ತದೆ. ಮಲಗಿ ಓದಿದ್ದರೆ ತಲೆಯ ಎಣ್ಣೆ, ತೊಟ್ಟಿಲ ಪಕ್ಕ ಓದಿದ್ದರೆ ಪೌಡರು. ಎಲ್ಲೋ ಒಂದು ಬಸ್ ಟಿಕೆಟ್, ಎಲ್ಲೋ ಮಡಿಸಿದ ಮೂಲೆ. ಹೊಲಿಗೆ ಸಡಿಲವಾಗಿ ಪುಸ್ತಕ ತಾನೇ ತೆರೆದುಕೊಂಡು ಕೂರುತ್ತದೆ. ಗಿರಿಜಾದೇವಿಯ ಪುಸ್ತಕ ಎಷ್ಟು ಕೈ ತಿರುಗಿ ಬಂದರೂ, ಮೊದಲ ಪುಟಗಳಲ್ಲಿ ಒಂದೆರಡು ಅರಿಸಿನದ ಗುರುತು ಬಿಟ್ಟರೆ, ನಾನು ಬೈಂಡು ಹಾಕಿದ ದಿನ ಹೇಗಿತ್ತೋ ಹಾಗೇ ಬಿಗಿಯಾಗಿತ್ತು.

ಒಂದು ಮಧ್ಯಾಹ್ನ ಅದನ್ನು ತೆರೆದು ನೋಡಿದೆ. ನನ್ನಲ್ಲಿ ಕಟಿಂಗ್ ಮಿಷನ್ ಇರಲಿಲ್ಲ. ಪ್ರೆಸ್ಸಿನಿಂದ ಹೇಗೆ ಬಂದಿತ್ತೋ ಹಾಗೇ ಅಂಚು ಬಿಟ್ಟು ಹೊಲಿದು, ರಟ್ಟು ಅಂಟಿಸುತ್ತಿದ್ದೆ. ದೊಡ್ಡ ಹಾಳೆಯನ್ನು ಮಡಿಸಿ ಪುಸ್ತಕ ಮಾಡುವಾಗ ಒಮ್ಮೊಮ್ಮೆ ಕತ್ತರಿ ಸರಿಯಾಗಿ ತಾಗದೆ ಎರಡು ಹಾಳೆಗಳು ಮೇಲಿನ ಅಂಚಿನಲ್ಲಿ ಕೂಡಿಕೊಂಡೇ ಉಳಿಯುತ್ತವೆ. ಓದುವವರು ಬೆರಳನ್ನೋ ಹೇರ್‌ಪಿನ್ನನ್ನೋ ಹಾಕಿ ಬಿಡಿಸಿಕೊಳ್ಳುತ್ತಾರೆ. ಈ ಪುಸ್ತಕದಲ್ಲಿ ಅರವತ್ತನೆಯ ಪುಟ ದಾಟಿದ ಮೇಲೆ ಅಂಥ ಒಂದು ಜೋಡಿ ಇತ್ತು. ಬಿಡಿಸದೆ ಹಾಗೇ ಇತ್ತು. ಅಷ್ಟು ಜನರಲ್ಲಿ ಒಬ್ಬರೂ ಅಲ್ಲಿಂದ ಮುಂದೆ ಹೋಗಿರಲಿಲ್ಲ.

ನನಗೆ ಕೋಪ ಬರಲಿಲ್ಲ. ಹೊಸದಾಗಿ ಬರೆಯುವವರು ಬಂಧುಬಳಗವನ್ನು ಮೆಂಬರು ಮಾಡಿಸಿ ತಮ್ಮ ಪುಸ್ತಕ ತಿರುಗಿಸುವುದು ಆ ಕಾಲದಲ್ಲಿ ಇದ್ದದ್ದೇ. ಆದರೆ ಮಾರನೆಯ ವಾರ ಅನಂತಪದ್ಮನಾಭ ಬಂದು, ಆ ಹುಡುಗಿಯ ಪುಸ್ತಕ ಎಲ್ಲ ಕಡೆಯೂ ಚೆನ್ನಾಗಿ ಹೋಗುತ್ತಿದೆಯಂತೆ, ಎರಡನೆಯದು ಕೊಟ್ಟಿದ್ದಾರೆ, ಅಚ್ಚಿಗೆ ಹಾಕೋಣ ಅಂತಿದೀನಿ ಎಂದರು.

"ನೀವೊಂದು ಮಾತು ಹೇಳಿಬಿಡಿ ಕಾತ್ಯಾಯಿನಮ್ಮ. ನಾಳೆನೇ ಅಚ್ಚುಮೊಳೆ ಜೋಡಿಸೋಕೆ ಕೊಡ್ತೀನಿ."

ಎರಡನೆಯ ಪುಸ್ತಕ ಒಪ್ಪಿಗೆಯಾದರೆ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೇ ಕೂರುವುದಾಗಿ ಗಿರಿಜಾದೇವಿ ನನ್ನಲ್ಲಿ ಹೇಳಿದ್ದರು. ಆಗಲೇ ಸಂಬಳವಿಲ್ಲದ ರಜೆ ಹಾಕಿದ್ದರು. ಎರಡನೆಯದನ್ನು ಲೈಬ್ರರಿಯವರೆಲ್ಲ ಕೊಳ್ಳುತ್ತಾರೆ. ಅದನ್ನೂ ಯಾರೂ ಓದದಿದ್ದರೆ ಮೂರನೆಯದನ್ನು ಯಾರೂ ಮುಟ್ಟುವುದಿಲ್ಲ. ಹಾಗೆ ಎರಡೇ ಪುಸ್ತಕಕ್ಕೆ ನಿಂತುಹೋದ ಹೆಸರುಗಳು ನನ್ನ ಕೆಳಗಿನ ಕಪಾಟಿನಲ್ಲಿ ಸಾಕಷ್ಟಿದ್ದವು. ಮುಂದಿನ ತಿಂಗಳು ಹೇಳುತ್ತೇನೆ ಎಂದೆ. ಅನಂತಪದ್ಮನಾಭ ನನ್ನ ಮುಖ ನೋಡಿದರು, ಏಕೆ ಎಂದು ಕೇಳಲಿಲ್ಲ.

ಗಿರಿಜಾದೇವಿ ಬಂದಾಗ ಪುಸ್ತಕವನ್ನು ಆ ಜಾಗಕ್ಕೆ ತೆರೆದು ಮುಂದಿಟ್ಟೆ. ಅವರು ಕೂಡಿಕೊಂಡ ಹಾಳೆಯ ಮೇಲೆ ಬೆರಳಾಡಿಸಿದರು.

"ಎಲ್ರೂ ಹೀಗೇ ಮಾಡ್ತಾರೆ ಅಂತ ಕೇಳಿದ್ದೆ ಮೇಡಂ."

"ಮಾಡ್ತಾರೆ. ತಗೊಂಡು ಹೋಗಿ ಅಂತ ಯಾರಿಗೆ ಬೇಕಾದ್ರೂ ಹೇಳಬಹುದು. ಕೂತು ಮುಗಿಸಿ ಅಂತ ಹೇಳೋಕಾಗಲ್ಲ."

"ಅನಂತಪದ್ಮನಾಭ ಅವರಿಗೆ ಹೇಳಿಬಿಡ್ತೀರಾ?"

ಕೇಳಿದರೆ ಇದ್ದದ್ದು ಹೇಳುತ್ತೇನೆ, ಅದಕ್ಕೆ ಇನ್ನೂ ದಿನ ಇದೆ ಎಂದೆ. ರಾಜೀನಾಮೆ ಬರೆದು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ ಎಂದು ಅವರು ಹೇಳಿದರು. ಧ್ವನಿ ಎಕ್ಸ್‌ಚೇಂಜಿನಲ್ಲಿ ನಂಬರು ಕೇಳುವಾಗಿನ ಹಾಗೇ ಸಮನಾಗಿತ್ತು. ರಜೆಯಲ್ಲಿದ್ದೀರಲ್ಲ, ಸಂಜೆ ನಾಲ್ಕಕ್ಕೆ ಬಂದು ನನಗೆ ಲೇಬಲ್ ಅಂಟಿಸಿಕೊಡಿ, ಒಳಗಿನ ಕಪಾಟಿನ ಹಿಂದೆ ಕೂತುಕೊಳ್ಳಿ, ಯಾರೊಂದಿಗೂ ಮಾತಾಡಬೇಡಿ, ಕೇಳಿಸಿಕೊಳ್ಳಿ ಎಂದೆ. ಅವರಿಗೆ ಇಷ್ಟವಾದಂತೆ ಕಾಣಲಿಲ್ಲ. ಆದರೂ ಬಂದರು.

ಈಗ ಬಸವಲಿಂಗಮ್ಮನವರ ವಿಷಯ. ಅವರು ನಮ್ಮ ಹಿಂದಿನ ಬೀದಿಯವರು, ಗಂಡ ತೀರಿಕೊಂಡಿದ್ದರು, ಬ್ಯಾಂಕಿನಲ್ಲಿದ್ದ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ವಾರಕ್ಕೆ ಮೂರು ಕಾದಂಬರಿ ಮುಗಿಸುತ್ತಿದ್ದರು. ಅವರು ಓದಿದ ಪುಸ್ತಕಕ್ಕೆ ಅರಿಸಿನ ಹತ್ತದೆ ಇರುತ್ತಿರಲಿಲ್ಲ. ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ತರಕಾರಿ ಕೊಂಡು ನನ್ನಲ್ಲಿಗೆ ಬಂದು ಸ್ಟೂಲಿನ ಮೇಲೆ ಕೂತರೆ ಬೇರೆಯವರಿಗೆ ಮಾತಾಡಲು ಸರದಿ ಸಿಗುವುದು ಕಷ್ಟ. ಅದು ಅವರೆಕಾಯಿಯ ಕಾಲ. ನೆನೆಸಿದ ಅವರೆಕಾಳನ್ನು ಸ್ಟೀಲ್ ಡಬರಿಯಲ್ಲಿ ತಂದು, ಹರಟುತ್ತಲೇ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸುತ್ತಿದ್ದರು. ಸಿಪ್ಪೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರೇ ಹೊರತು ನನ್ನ ನೆಲದ ಮೇಲೆ ಒಂದೂ ಬಿಡುತ್ತಿರಲಿಲ್ಲ.

ಗಿರಿಜಾದೇವಿ ಬಂದು ಕೂತ ದಿನ ಅವರ ಜೊತೆ ನರ್ಸ್ ಅಣ್ಣಮ್ಮ, ಇನ್ನಿಬ್ಬರು ಇದ್ದರು. ಕಪಾಟಿನ ಹಿಂದೆ ಲೇಬಲ್ ಅಂಟಿಸುವ ಕೆಲಸ ನಡೆದಿತ್ತು. ಚಂದ್ರನ ಪುಸ್ತಕ ಎಲ್ಲಿಯವರೆಗೆ ಓದಿದಿರಿ ಎಂದು ನಾನೇ ಕೇಳಿದೆ.

"ಅಯ್ಯೋ, ಅದಾ? ಅರವತ್ತು ಪೇಜ್ ಓದ್ದೆ ಕಣ್ರೀ. ಅಷ್ಟೊತ್ತಿಗೆ ನಂಗೇ ಹೊಟ್ಟೆ ಹಸೀತು."

ಎಲ್ಲರೂ ನಕ್ಕರು.

"ನಗಬೇಡ್ರಿ. ಆ ಮಂದಾಕಿನಿ ಬೆಳಗ್ಗೆ ಎದ್ದು ಕಿಟಕಿ ಹತ್ರ ನಿಂತ್ಲು. ಮಧ್ಯಾಹ್ನ ಆಯ್ತು, ನಿಂತೇ ಇದಾಳೆ. ಚಂದ್ರ ಬಂದ, ಇನ್ನೂ ನಿಂತಿದಾಳೆ. ಮನೇಲಿ ಅತ್ತೆ, ಮಾವ, ಗಂಡ, ಮೈದುನ ಎಲ್ಲ ಇದಾರೆ. ಅನ್ನಕ್ಕೆ ಇಟ್ಟೋರು ಯಾರು? ಒಂದು ಲೋಟ ತೊಳೆಯೋ ಸದ್ದಾದ್ರೂ ಬೇಡ್ವಾ?"

"ಅವಳಿಗೆ ದುಃಖ ಇತ್ತಲ್ಲಾ ಬಸವಲಿಂಗಮ್ಮ," ಎಂದು ಅಣ್ಣಮ್ಮ ಹೇಳಿದರು.

"ದುಃಖ ನಂಗಿಲ್ವಾ? ನಮ್ಮ ಯಜಮಾನ್ರು ಹೋದ ದಿನಾನೂ ಹಾಲಿನೋನು ಬಂದ. ನಡುಮನೇಲಿ ಅವರನ್ನ ಮಲಗಿಸಿದ್ರು. ನಾನು ಎದ್ದು, ಪಾತ್ರೆ ತಗೊಂಡು, ಹಾಲು ಹಾಕಿಸ್ಕೊಂಡು ಬಂದೆ. ಒಂದು ಪಾವು ಕಮ್ಮಿ ಹಾಕು ಅಂತ್ಲೂ ಅಂದೆ. ಆಮೇಲೆ ಒಲೆ ಮುಂದೆ ಕೂತು ಗೊತ್ತಾಯ್ತು ಏನಂದೆ ಅಂತ. ಅಂಥದ್ದು ಬರೀಲಿ, ಅಳ್ತೀನಿ."

ಕಪಾಟಿನ ಹಿಂದೆ ಬ್ರಷ್ಷಿನ ಸದ್ದು ನಿಂತಿತ್ತು. ಬಸವಲಿಂಗಮ್ಮ ಇನ್ನೊಂದು ಕಾಳು ಹಿತುಕಿದರು.

"ಬರೆಯೋಕೆ ಬರುತ್ತೆ ಆ ಹುಡುಗಿಗೆ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಬರೀಬೇಕು ಅಷ್ಟೇ."

ಮತ್ತೆ ನಗು. ಅವರೆಲ್ಲ ಹೋದ ಮೇಲೆ ಗಿರಿಜಾದೇವಿ ಹೊರಗೆ ಬಂದು, ನನ್ನ ಕಡೆ ನೋಡದೆ ಕೈ ತೊಳೆದುಕೊಂಡು ಹೊರಟುಬಿಟ್ಟರು. ಒಂದಷ್ಟು ದಿನ ಬರಲಿಲ್ಲ. ಇನ್ನು ಬರುವುದಿಲ್ಲವೇನೋ ಎಂದುಕೊಂಡೆ. ಆ ದಿನ ಅವರು ಅಣ್ಣಮ್ಮನ ಪುಸ್ತಕಕ್ಕೆ ಅಂಟಿಸಿದ ಲೇಬಲ್ ತಲೆಕೆಳಗಾಗಿತ್ತು, ಅದನ್ನು ಬಿಡಿಸಿ ಮತ್ತೆ ಅಂಟಿಸಿದೆ.

ಆಮೇಲೆ ಒಂದು ಸಂಜೆ ಬಂದು ತಮ್ಮ ಪುಸ್ತಕವನ್ನೇ ಬಾಡಿಗೆಗೆ ಕೇಳಿದರು. ಮನೆಯಲ್ಲಿ ಪ್ರತಿಗಳಿದ್ದವು, ಇದೇ ಬೇಕು ಎಂದರು. ವಾಪಸ್ ಕೊಟ್ಟಾಗ ಕೂಡಿಕೊಂಡಿದ್ದ ಹಾಳೆ ಬಿಡಿಸಿತ್ತು, ನೀಟಾಗಿ, ಹೇರ್‌ಪಿನ್ ಹಾಕಿ. ಹೇಗಿದೆ ಎಂದು ಕೇಳಿದೆ. ನನಗೂ ಅಲ್ಲಿಂದ ಮುಂದೆ ಕಷ್ಟವಾಯಿತು ಮೇಡಂ ಎಂದರು. ಎರಡನೆಯದರಲ್ಲೂ ಒಂದು ಕಿಟಕಿ ಇದೆ ಎಂದೂ ಹೇಳಿದರು. ಆ ಸಂಜೆಯಿಂದ ಮತ್ತೆ ಕಪಾಟಿನ ಹಿಂದೆ ಲೇಬಲ್ಲಿಗೆ ಕೂತರು. ಹೆಂಗಸರು ಹಾಲಿನವನ ಬಗ್ಗೆ, ಸೀಮೆಎಣ್ಣೆಯ ಕ್ಯೂ ಬಗ್ಗೆ, ಒಬ್ಬರ ನಾದಿನಿಯ ಬಗ್ಗೆ ಮಾತಾಡುವುದನ್ನು ಕೇಳುತ್ತಿದ್ದರು. ಪುಸ್ತಕಗಳ ಬಗ್ಗೆ ಅವರು ಮಾತಾಡಿದ್ದು ಕಡಿಮೆ.

ತಿಂಗಳು ತುಂಬಿ ಅನಂತಪದ್ಮನಾಭ ಬಂದಾಗ ಸ್ಟೂಲಿನ ಮೇಲೆ ಬಸವಲಿಂಗಮ್ಮ ಡಬರಿ ಹಿಡಿದು ಕೂತಿದ್ದರು. ಹಾಗಾಗಿ ಅವರು ನಿಂತೇ ಕೇಳಿದರು, ಏನು ಹೇಳ್ತೀರಿ, ಹಾಕಲೋ ಬೇಡವೋ ಎಂದು. ನಾನು ಬಾಯಿ ತೆರೆಯುವ ಮೊದಲೇ ಕಪಾಟಿನ ಹಿಂದಿನಿಂದ ಗಿರಿಜಾದೇವಿ ಬಂದರು. ಬೆರಳಿನ ತುಂಬ ಅಂಟಿತ್ತು.

"ಸಾರ್, ಆ ಪುಸ್ತಕ ತಗೊಂಡು ಹೋಗ್ತಿದ್ದೋರೆಲ್ಲ ನನ್ನ ಆಫೀಸಿನೋರು. ನಾನೇ ಕಳಿಸ್ತಿದ್ದೆ. ಯಾರೂ ಪೂರ್ತಿ ಓದಿಲ್ಲ. ಎರಡನೇದು ವಾಪಸ್ ಕೊಟ್ಟುಬಿಡಿ."

ಅನಂತಪದ್ಮನಾಭ ನಶ್ಯದ ಡಬ್ಬಿ ತೆಗೆದವರು ಹಾಗೇ ಜೇಬಿಗಿಟ್ಟರು.

"ಪುಸ್ತಕ ಹಾಕಿ ಅಂತ ಮನೆ ಬಾಗಿಲು ಕಾದೋರನ್ನ ನೋಡಿದೀನಿ. ಬೇಡ ಅಂತ ಬಂದೋರು ನೀವೊಬ್ರೇ ಕಣಮ್ಮ."

"ಬೇಡ ಅಂತಲ್ಲ ಸಾರ್. ಈಗ ಬೇಡ."

ಮತ್ತೆ ಬರೆದಾಗ ಬೇರೆಯವರಿಗೆ ತೋರಿಸುವ ಮೊದಲು ನನಗೆ ತೋರಿಸಿ ಎಂದಷ್ಟೇ ಹೇಳಿ ಅನಂತಪದ್ಮನಾಭ ಹೊರಟರು. ಮಾರನೆಯ ದಿನ ಜಿನುಗುವ ಮಳೆಯಲ್ಲಿ, ತಿಂಗಳ ಸರದಿಯಲ್ಲದಿದ್ದರೂ ಮತ್ತೆ ಬಂದು, ಎರಡನೆಯ ಕಾದಂಬರಿಯ ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅದಕ್ಕೆ ಪ್ಲಾಸ್ಟಿಕ್ ಸುತ್ತಿತ್ತು. ಅವರ ತಲೆಗೆ ಏನೂ ಇರಲಿಲ್ಲ.

ಆದರೆ ಆ ಸಂಜೆ ನಾನು ಗಮನಿಸಿದ್ದು ಬಸವಲಿಂಗಮ್ಮನವರನ್ನು. ಗಿರಿಜಾದೇವಿ ಮಾತು ಮುಗಿಸಿದಾಗ ಅವರ ಬೆರಳುಗಳ ನಡುವೆ ಒಂದು ಕಾಳು ಹಿತುಕದೆ ಹಾಗೇ ಉಳಿದಿತ್ತು. ನೀವೇನಾ ಆ ಪುಸ್ತಕ ಬರೆದೋರು ಎಂದು ಮೆಲ್ಲಗೆ ಕೇಳಿದರು. ಹೌದು ಎಂದು ಗಿರಿಜಾದೇವಿ ಹೇಳಿದರು. ನಾನು ಆ ದಿನ ಅಷ್ಟೆಲ್ಲ ಅಂದಾಗ ಇಲ್ಲೇ ಇದ್ರಾ ಎಂದರು. ಇದ್ದೆ ಅಮ್ಮ ಎಂದರು ಗಿರಿಜಾದೇವಿ. ಬಸವಲಿಂಗಮ್ಮ ಎದ್ದು, ಸೆರಗಿನ ಗಂಟು ಕಟ್ಟಿಕೊಂಡು, ಡಬರಿ ಎತ್ತಿಕೊಂಡು ಹೋದರು. ತೆಗೆದಿಟ್ಟಿದ್ದ ಕಾದಂಬರಿ ಸ್ಟೂಲಿನ ಪಕ್ಕದಲ್ಲೇ ಉಳಿಯಿತು. ಮರುದಿನ ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ. ಅವರ ಪುಸ್ತಕವನ್ನು ನಾನು ಯಾರಿಗೂ ಕೊಡದೆ ಎತ್ತಿಟ್ಟಿದ್ದೆ.

ಗಿರಿಜಾದೇವಿ ರಾಜೀನಾಮೆಯನ್ನು ಹರಿದು, ನನ್ನ ಅಂಟಿನ ಒಲೆಗೆ ಹಾಕಿದರು. ರಜೆ ರದ್ದು ಮಾಡಿಸಿ ಬೆಳಗಿನ ಶಿಫ್ಟು ಕೇಳಿಕೊಂಡರು. ಅವರ ಜೊತೆಯ ಹುಡುಗಿ ಒಬ್ಬಳು ತನ್ನ ಬೆಳಗಿನ ಶಿಫ್ಟನ್ನು ಬಿಟ್ಟುಕೊಟ್ಟಳಂತೆ. ಚಂದ್ರನ ಪುಸ್ತಕವನ್ನು ಓದದೆ ಎರಡು ಸಲ ಒಯ್ದು ತಂದವಳು ಅವಳೇ. ಚಿಕ್ಕಮ್ಮನ ಮನೆಯ ಕೋಣೆಯಲ್ಲಿ ಮಧ್ಯಾಹ್ನ ಪಾಠಕ್ಕೆ ಬರುವ ಮಕ್ಕಳ ಗಲಾಟೆ. ನನ್ನ ಲೈಬ್ರರಿ ನಾಲ್ಕು ಗಂಟೆಯವರೆಗೆ ಮುಚ್ಚಿರುತ್ತಿತ್ತು. ಗ್ಯಾರೇಜಿನ ಬೀಗದ ಕೈ ಎರಡಿದ್ದವು, ಒಂದನ್ನು ಕೊಟ್ಟೆ. ಎಕ್ಸ್‌ಚೇಂಜಿನಿಂದ ನೇರವಾಗಿ ಬಂದು, ಶಟರನ್ನು ಅರ್ಧ ಎತ್ತಿ, ನನ್ನ ಮೇಜಿನಲ್ಲಿ ಕೂತು ಎರಡನೆಯ ಕಾದಂಬರಿಯನ್ನು ಮೊದಲ ಪುಟದಿಂದ ಮತ್ತೆ ಬರೆಯತೊಡಗಿದರು.

ಅದು ಮುಗಿಯಲು ಬಹಳ ಕಾಲ ಹಿಡಿಯಿತು. ಮುಂದೆ ಅನಂತಪದ್ಮನಾಭರೇ ಹಾಕಿದರು. ನಾನು ಅದರ ಬೈಂಡನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಅಷ್ಟು ಸಡಿಲವಾಗಿತ್ತು. ಗಿರಿಜಾದೇವಿ ಎಕ್ಸ್‌ಚೇಂಜಿನ ಕೆಲಸ ಬಿಟ್ಟದ್ದು ಎಂಬತ್ತರ ದಶಕ ಅರ್ಧ ಕಳೆದ ಮೇಲೆ, ಪುಸ್ತಕಗಳೇ ಅವರನ್ನು ಸಾಕಬಲ್ಲವು ಎಂದಾದಾಗ. ಬರೆಯುವವರು ಬಂದಾಗ ಇದನ್ನೂ ಹೇಳುತ್ತೇನೆ, ಅವರಿಗೆ ಈ ಭಾಗವೇ ಬೇಕಾಗಿರುತ್ತದೆ. ನನಗೆ ಹೆಚ್ಚು ನೆನಪಿರುವುದು ಅದಕ್ಕೆಲ್ಲ ಮೊದಲು, ಅವರು ಹಾಗೆ ಬರೆಯಲು ಶುರುಮಾಡಿದ ಹೊಸತರ ಒಂದು ಮಧ್ಯಾಹ್ನ.

ನಾನು ಹಿಂದಿನ ಮೂಲೆಯಲ್ಲಿ ಅಂಟು ಕಾಯಿಸುತ್ತಿದ್ದೆ. ಗಿರಿಜಾದೇವಿ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದರು. ಬೆಳಗಿನಿಂದ ಕಾಫಿ ಬಿಟ್ಟು ಏನೂ ತೆಗೆದುಕೊಂಡ ಹಾಗಿರಲಿಲ್ಲ. ಹಸಿವಿಲ್ಲ ಎಂದಿದ್ದರು. ಶಟರಿನ ಕೆಳಗೆ ಮೊದಲು ಎರಡು ಪಾದ, ಆಮೇಲೆ ಒಂದು ಟಿಫಿನ್ ಕ್ಯಾರಿಯರ್ ಕಾಣಿಸಿತು. ಬಸವಲಿಂಗಮ್ಮ ತಲೆ ಬಗ್ಗಿಸಿ ಒಳಗೆ ಬಂದರು.

ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ಮೇಜಿನ ಮೇಲಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಹಾರದಂತೆ ಅವುಗಳ ಮೇಲೆ ಪೆನ್ನಿನ ಡಬ್ಬಿ ಇಟ್ಟು, ಪಕ್ಕಕ್ಕೆ ಸರಿಸಿದರು. ಕ್ಯಾರಿಯರ್ ಬಿಚ್ಚಿದರು. ಮೇಲಿನದರಲ್ಲಿ ಇನ್ನೂ ಹಬೆಯಾಡುತ್ತಿದ್ದ ಮುದ್ದೆ, ಕೆಳಗಿನದರಲ್ಲಿ ಹಿತುಕಿದ ಬೇಳೆ ಸಾರು. ಕಾಯುತ್ತಿದ್ದ ಅಂಟಿನ ವಾಸನೆಯ ಮೇಲೆ ಅದರ ವಾಸನೆ ಹರಡಿತು. ನನ್ನ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದು ಗಿರಿಜಾದೇವಿಯ ಬಲಗೈಯ ಹತ್ತಿರ ಇಟ್ಟರು. ಎತ್ತಿಟ್ಟಿದ್ದ ಕಾದಂಬರಿಯನ್ನು ನನ್ನಿಂದ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತು, ಮೊದಲ ಪುಟ ತೆರೆದರು.

ಗಿರಿಜಾದೇವಿ ಪೆನ್ನಿಗೆ ಕ್ಯಾಪು ಹಾಕಿದರು. ಬಸವಲಿಂಗಮ್ಮ ಪುಸ್ತಕದಿಂದ ತಲೆ ಎತ್ತದೆ, ಮುದ್ದೆಯ ಡಬ್ಬಿಯನ್ನು ಇನ್ನೂ ಸ್ವಲ್ಪ ಅವರ ಕಡೆಗೆ ಸರಿಸಿದರು.